ಮಾಡೆಲ್ ರೈಲಿನ ಬಂಡೆಗೆ ತೆಳು ಬಣ್ಣವೋ, ಒಣ ಬ್ರಷ್ಷೋ?

ಮೊದಲು ಪುಟಾಣಿ ಹಳಿಯ ಪಕ್ಕ ನೀವು ಮಾಡಿಟ್ಟ ಬಂಡೆ ಯಾವುದರದ್ದು ಅಂತ ನೋಡಿ. ಅರ್ಧ ಉತ್ತರ ಅಲ್ಲೇ ಇದೆ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಬಣ್ಣ ಹೀರುತ್ತದೆ. ಅದಕ್ಕೆ ತುಂಬಾ ನೀರು ಬೆರೆಸಿದ ಅಕ್ರಿಲಿಕ್ ಚೆನ್ನ. ಹಳದಿ ಮಣ್ಣಿನ ಬಣ್ಣ, ಕಂದು, ಬೂದು ಎಲ್ಲವನ್ನೂ ಚಿರತೆ ಮಚ್ಚೆಯ ಹಾಗೆ ಅಲ್ಲಲ್ಲಿ ಹಾಕಿ. ಕೊನೆಗೆ ತೆಳು ಕಪ್ಪನ್ನು ಮೇಲಿನಿಂದ ಹರಿಸಿ. ಅದು ಬಿರುಕುಗಳಿಗೆ ಇಳಿದು, ಮಚ್ಚೆಗಳನ್ನೂ ಬೆಸೆಯುತ್ತದೆ. ಒದ್ದೆಯಿದ್ದಾಗ ಕಪ್ಪಾಯ್ತಲ್ಲ ಅಂತ ಗಾಬರಿ ಬೇಡ, ಒಣಗಿದರೆ ತಿಳಿಯಾಗುತ್ತದೆ. ಆದರೆ ಅಂಟು ಚೆಲ್ಲಿದ ಜಾಗ ಬಣ್ಣ ಹಿಡಿಯುವುದಿಲ್ಲ, ಬಿಳಿ ಕಲೆ ಉಳಿಯುತ್ತದೆ.

ಥರ್ಮಾಕೋಲ್ ಏನೂ ಹೀರುವುದಿಲ್ಲ. ಅಲ್ಲಿ ಒಣ ಬ್ರಷ್ಷೇ ಗತಿ. ಗಾಢ ಬೂದು ಬಳಿದು ಒಣಗಿಸಿ. ತಿಳಿ ಬಣ್ಣದಲ್ಲಿ ಅದ್ದಿದ ಬ್ರಷ್ಷನ್ನು ಬಟ್ಟೆಗೆ ಒರೆಸಿ, ಉಬ್ಬುಗಳ ಮೇಲೆ ಮಾತ್ರ ಸವರಿ. ಜಾಸ್ತಿಯಾದರೆ ಸುಣ್ಣ ಬಳಿದಂತೆ ಕಾಣುತ್ತದೆ. ಸಾಮಾನ್ಯ ಸ್ಪ್ರೇ ಪೇಂಟ್ ಬೇಡವೇ ಬೇಡ, ಥರ್ಮಾಕೋಲ್ ಕರಗುತ್ತದೆ.

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ಮಾಡುವುದಾದರೆ ನನ್ನ ಓಟು ಪ್ಲಾಸ್ಟರ್ ಮತ್ತು ತೆಳು ಬಣ್ಣಕ್ಕೆ. ಮಳೆಯಲ್ಲಿ ನೆಂದ ಕಪ್ಪು ಬಂಡೆ, ಅದರ ಮೇಲೆ ಪಾಚಿ, ಅಲ್ವಾ? ಕೊನೆಯಲ್ಲಿ ಒಂಚೂರು ತೆಳು ಹಸಿರು ಹರಿಸಿದರೆ ಸಾಕು.