ಉಪ್ಪುನೀರಿನ ಹೊಸ ಟ್ಯಾಂಕಿಗೆ ಎಪಿಐ ಟೆಸ್ಟ್ ಕಿಟ್

ಸಮುದ್ರದ ಮೀನು ಸಾಕುವ ಆಸೆ ಇದ್ದವರು ಮೀನಿಗಿಂತ ಮೊದಲು ಕೊಳ್ಳಬೇಕಾದದ್ದು ನೀರು ಪರೀಕ್ಷಿಸುವ ಟೆಸ್ಟ್ ಕಿಟ್. ಬೆಂಗಳೂರಿನ ನಮ್ಮ ಮನೆಯ ಹೊಸ ಟ್ಯಾಂಕಿಗೆ ನಾನು ಬಳಸುತ್ತಿರುವುದು ಎಪಿಐ ಕಂಪನಿಯ ಸಾಲ್ಟ್‌ವಾಟರ್ ಮಾಸ್ಟರ್ ಕಿಟ್. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ), ಅಮೋನಿಯಾ, ನೈಟ್ರೈಟ್, ನೈಟ್ರೇಟ್, ನಾಲ್ಕನ್ನೂ ಇದರಲ್ಲೇ ನೋಡಬಹುದು. ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಬೆಳೆದಂತೆ ವಿಷದ ಅಮೋನಿಯಾ ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗುತ್ತದೆ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅಮೋನಿಯಾ ಟೆಸ್ಟ್. ಗಾಜಿನ ಕೊಳವೆಗೆ 5 ಮಿ.ಲೀ. ನೀರು, ಎರಡು ಬಾಟಲಿಯಿಂದಲೂ ಎಂಟೆಂಟು ಹನಿ. ಅಲ್ಲಾಡಿಸಿ 5 ನಿಮಿಷ ಬಿಡಬೇಕು. ಹಳದಿಯಾಗೇ ಉಳಿದರೆ ನಿಶ್ಚಿಂತೆ, ಹಸಿರು ಗಾಢವಾದಷ್ಟೂ ಅಪಾಯ. ಟ್ಯಾಂಕಿನ ನೀರು ಥಳಥಳ ಅನ್ನುತ್ತಿರುವಾಗಲೂ ಕೊಳವೆ ಕಡು ಹಸಿರಾಗಬಹುದು. ಉಪ್ಪುನೀರಿನ ಪಿಎಚ್ 8.1ರಿಂದ 8.4ರ ಆಸುಪಾಸು ಇರಬೇಕು, ಅಲ್ವಾ? ಪಿಎಚ್ ಏರಿದಷ್ಟೂ ಅಮೋನಿಯಾದ ವಿಷವೂ ಜಾಸ್ತಿ. ಹಾಗಾಗಿ 'ನೀರು ತಿಳಿಯಾಗಿದೆಯಲ್ಲ ಸಾರ್, ಮೀನು ಬಿಡಿ' ಅನ್ನುವ ಅಂಗಡಿಯವರ ಮಾತು ಕೇಳಲೇಬೇಡಿ.

ನೈಟ್ರೇಟ್ ಟೆಸ್ಟಿಗೆ ತಾಳ್ಮೆ ಬೇಕು. ಎರಡನೇ ಬಾಟಲಿಯನ್ನು 30 ಸೆಕೆಂಡ್ ಜೋರಾಗಿ ಕುಲುಕಿದ ಮೇಲೇ ಹನಿ ಹಾಕಬೇಕು, ಆಮೇಲೆ ಕೊಳವೆಯನ್ನೂ 1 ನಿಮಿಷ ಕುಲುಕಬೇಕು. ಅವಸರ ಮಾಡಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಇನ್ನೊಂದು ವಿಷಯ: ನೀರಿನಲ್ಲಿ ನೈಟ್ರೈಟ್ ಇದ್ದರೆ ನೈಟ್ರೇಟ್ ಲೆಕ್ಕ ತಪ್ಪುತ್ತದೆ. ಮೊದಲು ನೈಟ್ರೈಟ್ ಇಳಿಯಲಿ. ಕೊಳವೆಯ ಬಣ್ಣವನ್ನು ಕಿಟ್‌ನ ಬಣ್ಣದ ಕಾರ್ಡಿಗೆ ಹಿಡಿದು ನೋಡುವುದು ಹಗಲು ಬೆಳಕಿನಲ್ಲೇ ಒಳ್ಳೆಯದು.

ಉಪ್ಪಿನ ಅಂಶ ಅಳೆಯಲು ಇದರಲ್ಲಿ ಏನೂ ಇಲ್ಲ. ಅದಕ್ಕೆ ರಿಫ್ರಾಕ್ಟೋಮೀಟರ್ ಬೇರೆ ಬೇಕು, ಸಾಪೇಕ್ಷ ಸಾಂದ್ರತೆ 1.025 ಇಟ್ಟುಕೊಂಡರೆ ಸರಿ. ಹವಳ ಸಾಕುವವರು ಕೆಎಚ್ (ಕಾರ್ಬೊನೇಟ್ ಗಡಸುತನ), ಕ್ಯಾಲ್ಸಿಯಂ ಕಿಟ್‌ಗಳನ್ನೂ ಕೊಳ್ಳಬೇಕು. ನಮ್ಮ ಬೋರ್‌ವೆಲ್ ನೀರಿಗೆ ಸುಮ್ನೆ ಉಪ್ಪು ಕಲಸಬೇಡಿ, ಆರ್‌ಒ ನೀರೇ ಆಗಬೇಕು.

ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು, ನೈಟ್ರೇಟ್ ಕಾಣಿಸಿಕೊಂಡ ಮೇಲೇ ನಾನು ಒಂದು ಜೊತೆ ಕ್ಲೌನ್ ಮೀನು ತಂದು ಬಿಟ್ಟೆ. ಇದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಮೀನು ಬಂತೆಂದು ಕಿಟ್ ಎತ್ತಿಡಬೇಡಿ. ಆಹಾರ ಹಾಕಲು ಶುರು ಮಾಡಿದ ಮೇಲೆ ಅಮೋನಿಯಾ ಮತ್ತೆ ಏರಬಹುದು, ಮೊದಲ ಕೆಲವು ವಾರ ದಿನ ಬಿಟ್ಟು ದಿನ ನೋಡುತ್ತಿರಿ.