ಅಟೋರ್ವಾಸ್ಟಾಟಿನ್ ಬಿಟ್ಟು ರೋಸುವಾಸ್ಟಾಟಿನ್ ಹಿಡಿದದ್ದು

ಜ್ವರದ ಮಾತ್ರೆ ನುಂಗಿದರೆ ಜ್ವರ ಇಳಿದದ್ದು ಮೈಗೆ ತಿಳಿಯುತ್ತದೆ. ಕೊಲೆಸ್ಟ್ರಾಲ್ ಮಾತ್ರೆಯ ಗುಣ ರಕ್ತಪರೀಕ್ಷೆಯ ವರದಿಗೆ ಮಾತ್ರ ಗೊತ್ತು. ಮೈಗೆ ಗೊತ್ತಾಗುವುದೇನಿದ್ದರೂ ಅದರ ಉಪದ್ರವ. ಎಷ್ಟೋ ಜನ ಅರ್ಧದಲ್ಲೇ ಬಿಡುವುದು ಇದಕ್ಕೇ ಇರಬೇಕು.

ನಮ್ಮ ತಂದೆಗೆ ಐವತ್ತರೊಳಗೇ ಹೃದಯಾಘಾತವಾಗಿತ್ತು. ನನಗೆ ಬಿ.ಪಿ. ಇತ್ತು, ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 172ಕ್ಕೆ ಹೋಗಿತ್ತು. ವೈದ್ಯರು ಅಟೋರ್ವಾಸ್ಟಾಟಿನ್ 20 ಮಿ.ಗ್ರಾಂ. ಬರೆದರು. ಯಕೃತ್ತು ಕೊಲೆಸ್ಟ್ರಾಲ್ ತಯಾರಿಸುವುದನ್ನೇ ತಗ್ಗಿಸುವ ‘ಸ್ಟಾಟಿನ್’ ಗುಂಪಿನ ಮದ್ದು ಇದು. ಮುಂದಿನ ತಪಾಸಣೆಯಲ್ಲಿ ಎಲ್‌ಡಿಎಲ್ 98. ಬೆಳ್ಳುಳ್ಳಿ ಕಷಾಯ ಸಾಕು ಎನ್ನುವ ನೆಂಟರಿಗೆ ಎರಡೂ ವರದಿ ತೋರಿಸಿ ಸುಮ್ಮನಾಗುತ್ತೇನೆ.

ಆಮೇಲೆ ತೊಡೆನೋವು ಬಂತು. ಒಂದು ಕಾಲಿಗಲ್ಲ, ಎರಡಕ್ಕೂ ಒಂದೇ ಸಮ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಉಂಡರೆ ನೆಲಕ್ಕೆ ಕೈಯೂರದೆ ಏಳಲಾಗುತ್ತಿರಲಿಲ್ಲ. ವೈದ್ಯರು ಥೈರಾಯ್ಡ್, ವಿಟಮಿನ್ ಡಿ, ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಸಿ.ಕೆ. ಎಲ್ಲವನ್ನೂ ಪರೀಕ್ಷಿಸಿದರು; ಯಾವುದರಲ್ಲೂ ದೋಷವಿರಲಿಲ್ಲ. ಕೆಲವು ವಾರ ಮಾತ್ರೆ ನಿಲ್ಲಿಸಿದರು, ನೋವು ಹೋಯಿತು. ಹಾಗಾದರೆ ಮಾತ್ರೆಯದೇ ತಪ್ಪೆಂದು ತೀರ್ಮಾನಿಸಬಹುದೇ? 2020ರಲ್ಲಿ ಪ್ರಕಟವಾದ ಲಂಡನ್ನಿನ ಸ್ಯಾಮ್ಸನ್ ಅಧ್ಯಯನದಲ್ಲಿ, ಉಪದ್ರವದಿಂದ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಮದ್ದಿಲ್ಲದ ಹುಸಿ ಮಾತ್ರೆ ಕೊಟ್ಟು ನೋಡಿದ್ದರು. ಸ್ಟಾಟಿನ್‌ನಲ್ಲಿ ಕಂಡ ತೊಂದರೆಯ ಶೇ. 90ರಷ್ಟು ಹುಸಿ ಮಾತ್ರೆಯಲ್ಲೂ ಕಂಡಿತು. ನನ್ನ ನೋವು ಯಾವ ಪಾಲಿನದೋ, ಹೇಳಲಾರೆ. ನೋವಂತೂ ಸುಳ್ಳಲ್ಲ.

ಈಗ ಅದೇ ಗುಂಪಿನ ರೋಸುವಾಸ್ಟಾಟಿನ್, 5 ಮಿ.ಗ್ರಾಂ. ಮಾತ್ರ. ತೊಡೆ ಸುಮ್ಮನಿದೆ, ಎಲ್‌ಡಿಎಲ್ 104. ನನ್ನ ತಕರಾರು ಸಕ್ಕರೆಯದು: ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಶೇ. 5.7ರಿಂದ 6ಕ್ಕೆ ಏರಿದೆ. ಸ್ಟಾಟಿನ್ ಸಕ್ಕರೆಯನ್ನು ತುಸು ಏರಿಸುವುದುಂಟು, ಮಧುಮೇಹದ ಗಡಿಯಲ್ಲಿರುವವರು ಮೊದಲೇ ಕೇಳಿಕೊಳ್ಳಬೇಕು. ಆದರೂ ತಂದೆಯ ಕಥೆ ನೆನೆದರೆ, ಹೃದಯದ ಲಾಭದ ಮುಂದೆ ಈ ಏರಿಕೆ ನನಗೆ ಸಣ್ಣದು. ಮನೆತನದಲ್ಲಿ ಹೃದಯದ ಕಾಯಿಲೆ, ಬಿ.ಪಿ. ಏನೂ ಇಲ್ಲದವರ ಲೆಕ್ಕ ಬೇರೆಯೇ ಆಗಬಹುದು.

ಬೆಲೆಯ ಚಿಂತೆ ಇದ್ದವರು ಜನೌಷಧಿ ಕೇಂದ್ರದಲ್ಲಿ ಕೇಳಲಿ, ಅಲ್ಲಿ ಬಹಳ ಅಗ್ಗ. ಬೇರೆ ಕಾಯಿಲೆಗೆ ಕ್ಲಾರಿಥ್ರೊಮೈಸಿನ್‌ನಂಥ ಆ್ಯಂಟಿಬಯಾಟಿಕ್ ಬರೆಯುವ ವೈದ್ಯರಿಗೆ ನೀವು ಅಟೋರ್ವಾಸ್ಟಾಟಿನ್ ನುಂಗುತ್ತಿರುವುದನ್ನು ಹೇಳಿ. ಎರಡೂ ಸೇರಿದರೆ ಸ್ಟಾಟಿನ್ ರಕ್ತದಲ್ಲಿ ಹೆಚ್ಚಾಗಿ ಉಳಿದು ಸ್ನಾಯುವಿಗೆ ಪೆಟ್ಟಾಗುವ ಭಯವಿದೆ.