ಸೀಲ್ ಪ್ಯಾಕ್ ಡಿವಿಡಿ ಅಂತ ನಂಬಿ ಕೆಟ್ಟೆ

ಸೆಕೆಂಡ್ ಹ್ಯಾಂಡ್ ಆ್ಯಪ್‌ಗಳಲ್ಲಿ ಹಳೇ ಕಾನ್ಸರ್ಟ್ ಡಿವಿಡಿ ಹುಡುಕೋ ಚಟ ಇರುವವರು ದುಡ್ಡು ಕಳಿಸೋ ಮುಂಚೆ ಇದನ್ನೊಮ್ಮೆ ಓದಿ. ನನ್ನದು 2,400 ರೂಪಾಯಿ ಹೋಯ್ತು, ಮೇಲೆ ಕೊರಿಯರ್‌ಗೆ 150. ಮನೆ ಮುಳುಗುವಷ್ಟು ದುಡ್ಡೇನಲ್ಲ. ಆದರೆ ಮೋಸ ಹೋದ ರೀತಿ ಇದೆಯಲ್ಲ, ಅದು ಇನ್ನೂ ಹೊಟ್ಟೆ ಉರಿಸುತ್ತಿದೆ.

ನಾನು ಹುಡುಕುತ್ತಿದ್ದದ್ದು ಎಸಿ/ಡಿಸಿ ಅನ್ನೋ ರಾಕ್ ಬ್ಯಾಂಡ್‌ನ ಡೊನಿಂಗ್ಟನ್ ಕಾನ್ಸರ್ಟ್. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 1991ರ ಆಗಸ್ಟ್ 17, ಇಂಗ್ಲೆಂಡಿನ ಡೊನಿಂಗ್ಟನ್ ಪಾರ್ಕ್ ಅನ್ನೋ ರೇಸ್ ಟ್ರ್ಯಾಕ್, ಮಾನ್ಸ್ಟರ್ಸ್ ಆಫ್ ರಾಕ್ ಅನ್ನೋ ದೊಡ್ಡ ಜಾತ್ರೆ. ಅವತ್ತು ಮೆಟಾಲಿಕಾ, ಮಾಟ್ಲಿ ಕ್ರೂ ಥರದ ಬ್ಯಾಂಡ್‌ಗಳೆಲ್ಲ ನುಡಿಸಿ ಇಳಿದ ಮೇಲೆ ಕೊನೆಗೆ ಇವರು ಸ್ಟೇಜ್ ಹತ್ತಿದರು. ನಿರ್ದೇಶಕ ಡೇವಿಡ್ ಮ್ಯಾಲೆಟ್ ಇದನ್ನು ವಿಡಿಯೊ ಟೇಪ್‌ನಲ್ಲಿ ತೆಗೆಯದೆ ಸಿನಿಮಾ ಥರ ಫಿಲ್ಮ್‌ನಲ್ಲೇ ತೆಗೆದ. ಹಾಗಾಗಿಯೇ ಒಳ್ಳೆ ಪ್ರಿಂಟ್‌ನಲ್ಲಿ ನೋಡಿದರೆ ಇವತ್ತಿಗೂ ಹಳತು ಅನ್ನಿಸುವುದಿಲ್ಲ. 1992ರಲ್ಲಿ ವಿಎಚ್ಎಸ್ ಕ್ಯಾಸೆಟ್ ಬಂತು, 2003ರಲ್ಲಿ ಡಿವಿಡಿ, 2007ರಲ್ಲಿ ಬ್ಲೂ-ರೇ.

ನಾನು ಮೊದಲು ನೋಡಿದ್ದು ಕ್ಯಾಸೆಟ್. ದಾವಣಗೆರೆಯ ಹಾಸ್ಟೆಲ್‌ನಲ್ಲಿ ಎಲ್ಲರೂ ಹತ್ತು ಹತ್ತು ರೂಪಾಯಿ ಹಾಕಿ ಒಂದು ರಾತ್ರಿಗೆ ಟಿವಿ, ಕ್ಯಾಸೆಟ್ ಹಾಕೋ ವಿಸಿಪಿ ಬಾಡಿಗೆಗೆ ತರುತ್ತಿದ್ದ ಕಾಲ. ಮೂರು ಸಿನಿಮಾ ಮುಗಿದ ಮೇಲೆ, ಬೆಳಗಿನ ಜಾವ, ಸೀನಿಯರ್ ಒಬ್ಬರು ಹೆಸರಿಲ್ಲದ ಕ್ಯಾಸೆಟ್ ಒಂದನ್ನು ಹಾಕಿದರು. ಕಾಪಿಯಿಂದ ಮಾಡಿದ ಕಾಪಿ. ಬಣ್ಣ ಎಲ್ಲ ಕಲಸಿದ ರಂಗೋಲಿ. ಆದರೂ ಹಾಡುಗಾರ ಬ್ರಯಾನ್ ಜಾನ್ಸನ್ ಸ್ಟೇಜ್ ಮೇಲಿನ ದೊಡ್ಡ ಗಂಟೆಗೆ ನೇತುಬಿದ್ದು ತೂಗಾಡಿದಾಗ ನಾವು ಕೂಗಿದ ಕೂಗಿಗೆ ವಾರ್ಡನ್ ಲುಂಗಿ ಕಟ್ಟಿಕೊಂಡು ಓಡಿ ಬಂದಿದ್ದರು.

ಆ ಹಾಸ್ಟೆಲ್ ಗೆಳೆಯರಲ್ಲಿ ಒಬ್ಬ ಈಗಲೂ ಗಿಟಾರ್ ಬಿಟ್ಟಿಲ್ಲ. ಎಲ್ಲರೂ ಸ್ಕೂಲ್ ಯೂನಿಫಾರ್ಮ್‌ನಲ್ಲಿ ಕುಣಿಯೋ ಗಿಟಾರಿಸ್ಟ್ ಆಂಗಸ್ ಯಂಗ್‌ನನ್ನು ನೋಡಿದರೆ, ಇವನು ಹಿಂದೆ ಆ್ಯಂಪ್ ಪಕ್ಕ ಸುಮ್ನೆ ನಿಂತು ರಿದಮ್ ಬಾರಿಸೋ ಅಣ್ಣ ಮಾಲ್ಕಮ್‌ನನ್ನೇ ನೋಡುತ್ತಾನೆ. "ಮನೆ ನಿಂತಿರೋದು ಅವನ ಬಲಗೈ ಮೇಲೆ ಕಣೋ" ಅನ್ನುತ್ತಾನೆ. 2017ರಲ್ಲಿ ಮಾಲ್ಕಮ್ ಹೋದಾಗ ಎರಡು ದಿನ ಮಂಕಾಗಿದ್ದ. ಡಿವಿಡಿಯಲ್ಲಿ ಒಂದು ವಿಶೇಷ ಇದೆ. ಕೆಲವು ಹಾಡುಗಳಲ್ಲಿ ಬ್ಯಾಂಡ್‌ನ ಒಬ್ಬೊಬ್ಬರನ್ನೇ ಹಿಡಿದಿರೋ ಕ್ಯಾಮೆರಾ ಆರಿಸಿಕೊಂಡು ನೋಡಬಹುದು. ಅಂದರೆ ಮಾಲ್ಕಮ್ ಒಬ್ಬನನ್ನೇ. ಗೆಳೆಯ ಬೆಂಗಳೂರಿಗೆ ಬರುವವನಿದ್ದ. ಅವನಿಗೆ ಇದನ್ನು ತೋರಿಸಿ ಕೈಗೆ ಕೊಟ್ಟು ಕಳಿಸಬೇಕು ಅಂತ ನನ್ನ ಆಸೆ.

ಆ್ಯಪ್‌ನಲ್ಲಿ ಸಿಕ್ಕಿತು. "ಇಂಪೋರ್ಟೆಡ್, ಸೀಲ್ ಪ್ಯಾಕ್, ಒಂದೇ ಪೀಸ್." ಮೆರೂನ್ ಚೌಕುಳಿ ಬೆಡ್‌ಶೀಟ್ ಮೇಲೆ ಇಟ್ಟು ತೆಗೆದ ಎರಡು ಫೋಟೊ, ಮುಂದಿನ ಕವರ್, ಹಿಂದಿನ ಕವರ್. ಫೋನ್ ಮಾಡಿದರೆ ಮಾರುವವನು ಬಲು ಮರ್ಯಾದಸ್ಥ. ಮಾತಿಗೊಂದು ಸರ್. "ಸರ್, ನಾನೇ ಕಲೆಕ್ಟರ್. ಮನೆ ಶಿಫ್ಟ್ ಮಾಡ್ತಿದೀನಿ, ಅದಕ್ಕೇ ಕೊಡ್ತಿರೋದು. ಇಲ್ಲಾಂದ್ರೆ ಜೀವ ಹೋದ್ರೂ ಕೊಡ್ತಿರಲಿಲ್ಲ." ನನಗೂ ಕರುಳು ಚುರುಕ್ ಅಂತು. ಡಿಸ್ಕ್ ಫೋಟೊ ಕಳಿಸಿ ಅಂದೆ. "ಸೀಲ್ ಇದೆ ಸರ್, ಒಡೆದ್ರೆ ಬೆಲೆ ಹೋಗುತ್ತೆ ಅಲ್ವಾ?" ಅಂದ. ಹೌದಲ್ವಾ ಅನ್ನಿಸಿತು. ಅಲ್ಲೇ ನಾನು ಬಿದ್ದದ್ದು. ಯುಪಿಐನಲ್ಲಿ ದುಡ್ಡು ಹಾಕಿದೆ.

ನಾಲ್ಕು ದಿನಕ್ಕೆ ಬಂತು. ಪ್ಲಾಸ್ಟಿಕ್ ಹೊದಿಕೆ ಫಳಫಳ. ಗೆಳೆಯ ಬರೋದು ಇನ್ನೂ ಹದಿನಾರು ದಿನ ಇತ್ತು. ಅವನ ಕೈಯಲ್ಲೇ ಒಡೆಸೋಣ ಅಂತ ಬೀರುವಿನಲ್ಲಿ ಇಟ್ಟೆ. ವಾಪಸ್ ಕೊಡೋಕೆ ಇದ್ದದ್ದು ಏಳು ದಿನ, ಅದು ಬೀರುವಿನಲ್ಲೇ ಕಳೆಯಿತು.

ಶನಿವಾರ ರಾತ್ರಿ ಊಟ ಮುಗಿಸಿ ಕೂತೆವು. ಅವನು ಉಗುರಿನಿಂದ ಸೀಲ್ ಕಿತ್ತ. ಡಿಸ್ಕ್ ತೆಗೆದು ಹಿಂದೆ ಮುಂದೆ ತಿರುಗಿಸಿದ. ಏನೂ ಹೇಳಲಿಲ್ಲ, ಟ್ಯೂಬ್‌ಲೈಟ್ ಕೆಳಗೆ ಹಿಡಿದ. ಅಡಿಭಾಗ ನೇರಳೆ ಬಣ್ಣ. ನೇರಳೆ ಹಣ್ಣು ತಿಂದ ನಾಲಿಗೆ ಇರುತ್ತಲ್ಲ, ಹಾಗೆ. ಮೇಲೆ ಚಂದದ ಪ್ರಿಂಟ್, ಆದರೆ ಅಂಚಿನಲ್ಲಿ ಉಗುರು ತಾಗಿಸಿದರೆ ಸ್ಟಿಕ್ಕರ್ ಏಳುತ್ತಿತ್ತು. ಆದರೂ ಹಾಕಿ ನೋಡಿದೆವು. ಮೆನುವೇ ಇಲ್ಲ, ಸೀದಾ ಶುರು. ಪರದೆಯ ತೀರಾ ಅಡಿಯಲ್ಲಿ ಒಂದು ಬೆರಳಷ್ಟು ಅಗಲದ ಗೆರೆಗಳು ನಡುಗುತ್ತಿದ್ದವು. ಹಳೇ ಕ್ಯಾಸೆಟ್ ನೋಡಿದವರಿಗೆ ಅದು ಗೊತ್ತು. ಚೌಕ ಚಿತ್ರವನ್ನು ಅಗಲಕ್ಕೆ ಎಳೆದಿದ್ದರು. ಆಂಗಸ್ ಕೆನ್ನೆ ಊದಿಕೊಂಡು ಮಂಪ್ಸ್ ಬಂದವನ ಹಾಗೆ ಕಾಣುತ್ತಿದ್ದ. ಅಡುಗೆ ಮನೆಯಿಂದ ಬಂದ ನನ್ನ ಹೆಂಡತಿ, "ರೀ, ಇದು ಮದುವೆ ಕ್ಯಾಸೆಟ್ಟಾ?" ಅಂದಳು.

ಗೆಳೆಯ ರಿಮೋಟ್ ಇಸಿದುಕೊಂಡು ಮುಂದಿನ ಹಾಡಿಗೆ ಹೋಗು ಅಂತ ಒತ್ತಿದ. ಹಾಡಿನ ಮಧ್ಯಕ್ಕೆ ಹೋಯ್ತು. ಮತ್ತೆ ಒತ್ತಿದ, ಮತ್ತೆ ಎಲ್ಲೋ ಮಧ್ಯ. ಟೈಮ್ ನೋಡಿದರೆ ಸರಿಯಾಗಿ ಐದು ಐದು ನಿಮಿಷಕ್ಕೆ ಒಂದೊಂದು. "ಲೋ, ಇದು ಡಿವಿಡಿ ರೆಕಾರ್ಡರ್ ಕೆಲಸ" ಅಂದ. ಕ್ಯಾಸೆಟ್ ಪ್ಲೇ ಮಾಡಿ ರೆಕಾರ್ಡರ್‌ಗೆ ಹಾಕಿದರೆ ಅದಕ್ಕೆ ಹಾಡು ಎಲ್ಲಿ ಮುಗೀತು ಅಂತ ಗೊತ್ತಾಗಲ್ಲ. ಲೆಕ್ಕದ ಪ್ರಕಾರ ಐದು ನಿಮಿಷಕ್ಕೊಂದು ಗುರುತು ಹಾಕಿಕೊಂಡು ಹೋಗುತ್ತೆ. ಮಾಲ್ಕಮ್‌ನ ಬೇರೆ ಕ್ಯಾಮೆರಾ ಎಲ್ಲಿಂದ ಬರಬೇಕು? ಹಾಸ್ಟೆಲ್‌ನಲ್ಲಿ ಹತ್ತು ರೂಪಾಯಿಗೆ ನೋಡಿದ್ದನ್ನೇ 2,400 ಕೊಟ್ಟು ಮತ್ತೆ ನೋಡುತ್ತಿದ್ದೆ.

ಅವತ್ತು ರಾತ್ರಿಯೇ ನನ್ನ ಹತ್ತಿರ ಇರೋ ಇನ್ನೊಂದು ಒರಿಜಿನಲ್ ತೆಗೆದು ಪಕ್ಕದಲ್ಲಿಟ್ಟೆವು. ಇದೇ ಬ್ಯಾಂಡ್ 2009ರಲ್ಲಿ ಬ್ಯೂನಸ್ ಐರಿಸ್‌ನ ರಿವರ್ ಪ್ಲೇಟ್ ಸ್ಟೇಡಿಯಂನಲ್ಲಿ ನುಡಿಸಿದ್ದು. ಅದರ ಅಡಿಭಾಗ ಬೆಳ್ಳಿ ಬಣ್ಣ. ನಡುವಿನ ತೂತಿನ ಸುತ್ತ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಐಎಫ್‌ಪಿಐ (ರೆಕಾರ್ಡ್ ಕಂಪನಿಗಳ ಸಂಘದ ಹೆಸರು) ಅಂತ ಒಂದು ಕೋಡ್, ಪಕ್ಕದಲ್ಲಿ ಉದ್ದದ ನಂಬರು. ಫ್ಯಾಕ್ಟರಿಯಲ್ಲಿ ಅಚ್ಚು ಒತ್ತಿದ ಡಿಸ್ಕ್‌ನಲ್ಲಿ ಇಂಥ ಗುರುತು ಇರುತ್ತೆ. ನನ್ನ ನಕಲಿಯಲ್ಲಿ ಅಲ್ಲಿದ್ದದ್ದು ಖಾಲಿ ಡಿಸ್ಕ್ ಮಾಡಿದವರ ನಂಬರು ಅಷ್ಟೇ. ಕಂಪ್ಯೂಟರ್‌ಗೆ ಹಾಕಿದರೆ ಇನ್ನೊಂದು ಸುಳಿವು. ಎರಡು ಪದರದ ಡಿಸ್ಕ್ 8.5 ಜಿಬಿ ಹಿಡಿಯುತ್ತೆ, ಅಂಗಡಿಯಲ್ಲಿ ಸಿಗೋ ಮಾಮೂಲಿ ಖಾಲಿ ಡಿಸ್ಕ್ 4.7. ಎರಡು ಗಂಟೆ ಕಾನ್ಸರ್ಟ್, ಸುತ್ತಲಿಂದ ಕೇಳಿಸೋ 5.1 ಸೌಂಡು, ಬೇರೆ ಬೇರೆ ಕ್ಯಾಮೆರಾ ಎಲ್ಲ ಇದೆ ಅಂತ ಹೇಳಿ ಡಿಸ್ಕ್ ಅಷ್ಟು ಸಣ್ಣದಾಗಿದ್ದರೆ ಅನುಮಾನ ಪಡಿ.

ಆ ಹೊದಿಕೆಯ ವಿಷಯವೂ ಹೇಳಬೇಕು. ನಾನು ಕೊಂಡಿರೋ ಒರಿಜಿನಲ್‌ಗಳಲ್ಲಿ ಪ್ಲಾಸ್ಟಿಕ್‌ನ ತುದಿಗಳನ್ನು ಊದುಬತ್ತಿ ಪ್ಯಾಕೆಟ್ ಥರ ಮಡಚಿ ಅಂಟಿಸಿರುತ್ತಾರೆ. ಇದರಲ್ಲಿ ಮಡಿಕೆಯೇ ಇಲ್ಲ. ಬಿಸಿ ಗಾಳಿ ಹಿಡಿದು ಮುದುಡಿಸಿದ್ದು, ಮೂಲೆಯಲ್ಲಿ ಸುಕ್ಕು. ಸ್ವೀಟ್ ಬಾಕ್ಸ್‌ಗೆ ಹಾಕ್ತಾರಲ್ಲ, ಅದೇ. ಎಲ್ಲ ದೇಶದ ಡಿಸ್ಕ್‌ಗಳಿಗೂ ಒಂದೇ ನಿಯಮ ಅಲ್ಲ, ಹಾಗಾಗಿ ಇದೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ.

ಮಾರಿದವನಿಗೆ ಫೋನ್ ಮಾಡಿದೆ. ಸರ್ ಹೋಗಿ "ನೋಡ್ರೀ" ಆಗಿತ್ತು. "ಸೀಲ್ ಒಡೆದ್ಮೇಲೆ ರಿಟರ್ನ್ ಇಲ್ಲ." ಒಡೆಯದೆ ಒಳಗೇನಿದೆ ಅಂತ ಹೇಗಪ್ಪಾ ಗೊತ್ತಾಗಬೇಕು ಅಂದರೆ, "ಅದು ನಿಮ್ಮ ಪ್ರಾಬ್ಲಮ್ಮು" ಅಂತ ಕಟ್ ಮಾಡಿದ. ಅವನ ಆಟವೇ ಅದು. ಒಡೆದರೆ ವಾಪಸ್ ಇಲ್ಲ, ಒಡೆಯದಿದ್ದರೆ ಗೊತ್ತಾಗಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೂ ಫೋನ್ ಮಾಡಿದೆ. ಬಿಲ್ ಇದೆಯಾ ಅಂತ ಕೇಳಿದರು. ಬಿಲ್ ಎಲ್ಲಿಂದ ತರಲಿ, ಇದ್ದದ್ದು ಯುಪಿಐ ಸ್ಕ್ರೀನ್‌ಶಾಟ್ ಒಂದು. ಪಾರ್ಸೆಲ್ ಒಡೆಯುವಾಗ ವಿಡಿಯೊ ಕೂಡ ಮಾಡಿಕೊಂಡಿರಲಿಲ್ಲ.

ಹಾಗಾಗಿ, ಸೀಲ್ ಒಡೆದಿರೋ ಡಿಸ್ಕನ್ನೇ ಕೇಳಿ. ಬೆಲೆಯೂ ಕಮ್ಮಿ, ಅಡಿಭಾಗದ ಫೋಟೊನೂ ಸಿಗುತ್ತೆ. ಫೋಟೊದಲ್ಲಿ ಇವತ್ತಿನ ಪೇಪರ್ ಪಕ್ಕದಲ್ಲಿಟ್ಟು ತೆಗೆಯೋಕೆ ಹೇಳಿ, ನಾಚಿಕೆ ಪಡಬೇಡಿ. ಬಂದ ದಿನವೇ ಒಡೆಯಿರಿ, ಯಾರ ಹುಟ್ಟುಹಬ್ಬಕ್ಕೂ ಕಾಯಬೇಡಿ.

ನಿನ್ನೆ ಅದೇ ಆ್ಯಪ್‌ನಲ್ಲಿ ಡೀಪ್ ಪರ್ಪಲ್ ಅನ್ನೋ ಬ್ಯಾಂಡ್‌ನ ಕಾನ್ಸರ್ಟ್ ಡಿವಿಡಿ ಒಂದು ಕಾಣಿಸಿತು. ಮಾರುವವನ ಹೆಸರು ಬೇರೆ, ಊರು ಬೇರೆ. "ಇಂಪೋರ್ಟೆಡ್, ಸೀಲ್ ಪ್ಯಾಕ್, ಒಂದೇ ಪೀಸ್." ಕೆಳಗೆ ಹಾಸಿದ್ದು ಮೆರೂನ್ ಚೌಕುಳಿ ಬೆಡ್‌ಶೀಟ್.